ಯಂತ್ರದ ನೆನಪಿನಲ್ಲಿ ಓದುವುದೂ ಬರೆಯುವುದೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯಕಾರಿ ಮಂಡಳಿಯವರು ನಮ್ಮನ್ನು ಈ ವೇದಿಕೆಗೆ ಆಹ್ವಾನಿಸಿದಾಗ ನಾವು ಪಂಪನನ್ನೋ ಹರಿಹರನನ್ನೋ ಕುರಿತು ನಾಲ್ಕು ಮಾತನಾಡುವೆವೆಂದು ಎಣಿಸಿದ್ದರು. ನಾವೂ ಹಾಗೆಯೇ ಎಣಿಸಿದ್ದೆವು. ಕಳೆದ ದಸರೆಯ ರಜೆಯಲ್ಲಿ ನಡೆದ ಒಂದು ಪ್ರಸಂಗ ಆ ಎಣಿಕೆಯನ್ನು ತಪ್ಪಿಸಿತು. ಸಂಧಿ ಸಮಾಸಗಳನ್ನು ಹೇಳಿಕೊಡುವವರು ಯಂತ್ರದ ವಿಷಯಕ್ಕೆ ಕೈಹಾಕುವುದು ಅನಧಿಕಾರ ಪ್ರವೇಶವೆಂದು ಯಾರಿಗಾದರೂ ತೋರಿದರೆ, ಆ ಅಪರಾಧವನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇವೆ.

ನಾರಾಯಣಪೇಟೆಯ ನೇಕಾರರ ಮನೆಯ ಹುಡುಗನೊಬ್ಬ ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಮುಂದೆ ರಾಯಚೂರಿಗೆ ಹೋಗಿ ಡಿಪ್ಲೊಮಾ ಮುಗಿಸಿ, ಈಗ ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದಾನೆ. ಹಬ್ಬಕ್ಕೆ ಬಂದವನು ನಮ್ಮನ್ನು ಮನೆಗೆ ಕರೆದನು. ಆತನ ತಾಯಿ ಮೂವತ್ತು ವರ್ಷ ಮಗ್ಗದ ಮುಂದೆ ಕುಳಿತವರು. ಬನ್ನಿಯ ಎಲೆಯನ್ನು ಕೈಗಿತ್ತು, ಕುಳಿತೊಡನೆಯೇ ಅವರು ಕೇಳಿದರು: “ಇವನು ಅಲ್ಲಿ ಏನು ಕೆಲಸ ಮಾಡುತ್ತಾನೆಂದು ಮೂರು ವರ್ಷದಿಂದ ಕೇಳುತ್ತಿದ್ದೇನೆ. ಕಂಪ್ಯೂಟರ್ ಅಂತಾನೆ, ಸುಮ್ಮನಾಗುತ್ತಾನೆ. ಕಲಿಸಿದವರು ನೀವು, ನೀವಾದರೂ ಹೇಳಿ.”

ನಾವು ಹುಡುಗನ ಮುಖ ನೋಡಿದೆವು. ಆತ ಸಂಕೋಚದಿಂದಲೇ ಹೇಳಿದನು: “ಮೋಷನ್ ಕಂಟ್ರೋಲರಿನ ಮೆಮೊರಿ ಅಡ್ರೆಸ್ಸುಗಳನ್ನು ಪ್ರೋಗ್ರಾಮಿನಿಂದ ರೀಡ್ ಮಾಡೋದು, ರೈಟ್ ಮಾಡೋದು, ಸರ್.” ಆ ವಾಕ್ಯದಲ್ಲಿ ಕನ್ನಡದ್ದೆಂಬುದು ಪ್ರತ್ಯಯಗಳು ಮತ್ತು ‘ಮಾಡೋದು’ ಮಾತ್ರ. ತಾಯಿಗೆ ತಿಳಿಯಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ನಮಗೂ ತಿಳಿಯಲಿಲ್ಲವೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ಹುಡುಗನಿಗೆ ವಿಷಯ ಗೊತ್ತಿತ್ತು, ಭಾಷೆ ಒದಗಲಿಲ್ಲ. ನಮಗೆ ಭಾಷೆ ಗೊತ್ತಿತ್ತು, ವಿಷಯವೇ ಇಲ್ಲ. ಇಬ್ಬರೂ ಸೇರಿದರೆ ಒಬ್ಬ ಮನುಷ್ಯನಾಗಬಹುದೆಂದು ನಕ್ಕು, ನಾಲ್ಕು ಸಂಜೆ ಆ ಮಗ್ಗದ ಪಕ್ಕದಲ್ಲಿ ಕುಳಿತೆವು. ಈ ಭಾಷಣ ಆ ನಾಲ್ಕು ಸಂಜೆಗಳ ಫಲ.

ಇದನ್ನು ಸಭೆಯ ಮುಂದಿಡಲು ಇನ್ನೊಂದು ಕಾರಣವೂ ಉಂಟು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಈ ಕಡೆಗೆ ಬಂದವು. ಮಖ್ತಲ್, ನಾರಾಯಣಪೇಟೆಗಳು ಆಗಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಗಡಿ ಎಲ್ಲಿ ಬಿದ್ದರೂ ಮನೆಯ ಮಾತು ಮನೆಯಲ್ಲೇ ಉಳಿಯಿತು. ಆದರೆ ಮಗುವನ್ನು ಕನ್ನಡ ಶಾಲೆಗೆ ಸೇರಿಸುವ ದಿನ ಪ್ರತಿಯೊಬ್ಬ ತಂದೆಯೂ ನಮ್ಮನ್ನು ಕೇಳುವುದು ಒಂದೇ: “ಕನ್ನಡದಲ್ಲಿ ಓದಿದವನಿಗೆ ನಾಳೆ ಯಂತ್ರದ ವಿದ್ಯೆ ತಲೆಗೆ ಹತ್ತುವುದೆ?” ಈ ಪ್ರಶ್ನೆಗೆ ಅಭಿಮಾನದ ಉತ್ತರ ಸಾಲದು. ಅಂಥ ಒಂದು ವಿದ್ಯೆಯನ್ನು ಕೈಗೆತ್ತಿಕೊಂಡು ಕನ್ನಡದಲ್ಲಿ ಹೇಳಿ ತೋರಿಸಬೇಕು. ತಿಳಿಯಿತೋ ಇಲ್ಲವೋ ತಾವೇ ನಿರ್ಣಯಿಸಬೇಕು.

ಮಗ್ಗದಿಂದಲೇ ಆರಂಭಿಸೋಣ. ನಮ್ಮ ಊರಿನಲ್ಲಿ ಅದಕ್ಕಿಂತ ಹತ್ತಿರದ ಯಂತ್ರ ಬೇರೊಂದಿಲ್ಲ. ನಾರಾಯಣಪೇಟೆಯ ಸೀರೆಯನ್ನು ಒಂದೇ ಹಾಸಿನಲ್ಲಿ ಎಂಟೆಂಟಾಗಿ ನೇಯುವ ರೂಢಿಯೂ, ಗದ್ವಾಲದ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಕೂಡಿಸುವ ಕೌಶಲವೂ ಇಲ್ಲಿ ಕುಳಿತವರಿಗೆ ನಾವು ಹೇಳತಕ್ಕದ್ದಲ್ಲ. ನಮಗೆ ಬೇಕಾದದ್ದು ಮಗ್ಗದ ನೆತ್ತಿಯ ಮೇಲೆ ಕುಳಿತಿರುವ ಜಕಾರ್ಡ್ ಪೆಟ್ಟಿಗೆ, ಮತ್ತು ಅದರಿಂದ ಜೋತುಬಿದ್ದಿರುವ ತೂತು ಕೊರೆದ ರಟ್ಟುಗಳ ಸರಮಾಲೆ. ಪೆಟ್ಟಿಗೆಯಲ್ಲಿ ನೂರಿಪ್ಪತ್ತೋ ಇನ್ನೂರ ನಲವತ್ತೋ ಕೊಕ್ಕೆಗಳಿರುತ್ತವೆ. ಒಂದೊಂದು ಕೊಕ್ಕೆಗೂ ಹಾಸಿನ ಎಳೆಗಳು ಕಟ್ಟಿರುತ್ತವೆ. ಕಾಲ್ಮಣೆ ತುಳಿದಾಗ ಒಂದು ರಟ್ಟು ಬಂದು ಸೂಜಿಗಳ ಸಾಲಿಗೆ ಒತ್ತಿಕೊಳ್ಳುತ್ತದೆ. ತೂತಿದ್ದಲ್ಲಿ ಸೂಜಿ ಒಳಗೆ ನುಸುಳುತ್ತದೆ, ಅದರ ಕೊಕ್ಕೆ ಮೇಲೇಳುತ್ತದೆ, ಎಳೆ ಎದ್ದು ನಿಲ್ಲುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದಕ್ಕೆ ತಳ್ಳಲ್ಪಟ್ಟು, ಕೊಕ್ಕೆ ಜಾರಿ, ಎಳೆ ಕೆಳಗೇ ಉಳಿಯುತ್ತದೆ. ಲಾಳಿ ನಡುವೆ ಹಾಯುತ್ತದೆ. ಒಂದು ಹೊಕ್ಕಿಗೆ ಒಂದು ರಟ್ಟು. ನವಿಲು, ಗೋಪುರ, ಮಾವಿನ ಪಿಂದೆ, ಎಲ್ಲವೂ ಈ ‘ತೂತುಂಟು, ತೂತಿಲ್ಲ’ ಎಂಬ ಎರಡೇ ಮಾತಿನಿಂದ ಹುಟ್ಟುತ್ತವೆ.

ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ‘ನಲವತ್ತನೆಯ ರಟ್ಟಿನ ಹದಿನೇಳನೆಯ ಮನೆ’ ಎಂಬುದು ಒಂದು. ‘ಅಲ್ಲಿ ತೂತಿದೆಯೆ ಇಲ್ಲವೆ’ ಎಂಬುದು ಇನ್ನೊಂದು. ಮೊದಲನೆಯದು ವಿಳಾಸ, ಎರಡನೆಯದು ಒಕ್ಕಣೆ. ಲಕೋಟೆಯ ಮೇಲಿನ ಬರಹವೂ ಒಳಗಿನ ಬರಹವೂ ಬೇರೆ ಬೇರೆಯೆಂದು ಕಾಗದ ಬರೆದವರಿಗೆಲ್ಲ ಗೊತ್ತು. ಆದರೂ ಹುಡುಗನ ಕಸುಬಿನಲ್ಲಿ ಆಗುವ ಅನರ್ಥಗಳಲ್ಲಿ ಒಂದು ದೊಡ್ಡ ಪಾಲು ಇವೆರಡನ್ನು ಬೆರೆಸಿದ್ದರಿಂದಲೇ ಆಗುತ್ತದಂತೆ.

ಈ ರಟ್ಟಿನ ಕಥೆ ದೊಡ್ಡದು. ಫ್ರಾನ್ಸಿನ ಲಿಯೋನ್ ನಗರದಲ್ಲಿ ರೇಷ್ಮೆ ನೇಯುವವರ ನಡುವೆ ೧೭೨೫ರಲ್ಲಿ ಬಾಸಿಲ್ ಬೂಷೋನ್ ಎಂಬಾತ ತೂತು ಕೊರೆದ ಕಾಗದದ ಸುರುಳಿಯನ್ನು ಮಗ್ಗಕ್ಕೆ ಹೂಡಿದನು. ಮೂರು ವರ್ಷಗಳ ಬಳಿಕ ಫಾಲ್ಕನ್ ಸುರುಳಿಯ ಬದಲು ಬಿಡಿ ರಟ್ಟುಗಳನ್ನು ಪೋಣಿಸಿದನು. ೧೮೦೪ರಲ್ಲಿ ಜೋಸೆಫ್ ಮಾರಿ ಜಕಾರ್ಡ್ ಅವೆಲ್ಲವನ್ನೂ ಕೂಡಿಸಿ ಬಳಕೆಗೆ ತಕ್ಕ ಯಂತ್ರವಾಗಿಸಿದನು. ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಿತಯಂತ್ರದ ಕಲ್ಪನೆಗೆ ಈ ರಟ್ಟುಗಳನ್ನೇ ಎರವಲು ಪಡೆದನು. ಅಮೆರಿಕದಲ್ಲಿ ಹಾಲೆರಿತ್ ಎಂಬಾತ ೧೮೯೦ರ ಜನಗಣತಿಯನ್ನು ತೂತಿನ ರಟ್ಟುಗಳಿಂದ ಎಣಿಸಿದನು. ಗಣಕಯಂತ್ರದ ವಂಶವೃಕ್ಷದಲ್ಲಿ ನೇಕಾರನೂ ಒಬ್ಬ ಮೂಲಪುರುಷನೆಂದು ನಾವು ಹೇಳಿದಾಗ, ಆ ತಾಯಿ “ಹಾಗಾದರೆ ಇವನು ಬೆಂಗಳೂರಿಗೆ ಯಾಕೆ ಹೋಗಬೇಕಿತ್ತು?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂದೆ ೧೯೮೩ರಲ್ಲಿ ಮಿಲಾನ್ ನಗರದ ಪ್ರದರ್ಶನದಲ್ಲಿ ರಟ್ಟೇ ಇಲ್ಲದ ವಿದ್ಯುನ್ಮಾನ ಜಕಾರ್ಡ್ ಕಾಣಿಸಿಕೊಂಡಿತು. ರಟ್ಟು ಹೋಯಿತು, ತೂತು ಉಳಿಯಿತು. ತೂತೆಂದರೆ ಈಗ ‘೧’, ತೂತಿಲ್ಲವೆಂದರೆ ‘೦’. ಅವು ಯಂತ್ರದ ನೆನಪಿನಲ್ಲಿ ಕುಳಿತಿರುತ್ತವೆ. ಮಗ್ಗವೊಂದೇ ಅಲ್ಲ; ಲೋಹವನ್ನು ಕೊರೆಯುವ ಯಂತ್ರ, ಸೀಸೆಗಳನ್ನು ತುಂಬುವ ಯಂತ್ರ, ಕಾಲುವೆಯ ತೂಬಿನ ಬಾಗಿಲು, ಎಲ್ಲಿ ಮೋಟಾರು ಅಳತೆಗೆ ತಕ್ಕಂತೆ ಚಲಿಸಬೇಕೋ ಅಲ್ಲೆಲ್ಲ ಒಂದು ಪುಟ್ಟ ಗಣಕ ಅದರ ಬಳಿಯಲ್ಲೇ ಕುಳಿತು, ಎಷ್ಟು ತಿರುಗಬೇಕು, ಎಷ್ಟು ವೇಗದಲ್ಲಿ, ಎಲ್ಲಿ ನಿಲ್ಲಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಅದನ್ನೇ ಮೋಷನ್ ಕಂಟ್ರೋಲರ್ ಎನ್ನುತ್ತಾರೆ. ನಾವು ಚಲನನಿಯಂತ್ರಕವೆಂದು ಕರೆಯೋಣ. ಮೇಜಿನ ಮೇಲಿರುವ ದೊಡ್ಡ ಗಣಕ ಯಜಮಾನನ ಹಾಗೆ. ನಿಯಂತ್ರಕ ಮಗ್ಗದ ಮುಂದಿನ ನೇಕಾರನ ಹಾಗೆ. ಯಜಮಾನನು ಮೋಟಾರನ್ನು ನೇರವಾಗಿ ಮುಟ್ಟುವುದಿಲ್ಲ. ನಿಯಂತ್ರಕದ ನೆನಪಿನಲ್ಲಿ ಸಾಲಾಗಿ ಜೋಡಿಸಿದ ಗೂಡುಗಳಿವೆ, ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳಂತೆ. ಒಂದೊಂದಕ್ಕೂ ಒಂದು ಸಂಖ್ಯೆ. ದೊಡ್ಡ ಗಣಕದಲ್ಲಿರುವ ಪ್ರೋಗ್ರಾಂ ತಂತಿಯ ಮೂಲಕ ಎರಡೇ ಬಗೆಯ ಮಾತನ್ನಾಡುತ್ತದೆ: ‘ನೂರನೆಯ ಗೂಡಿನಲ್ಲಿ ಏನಿದೆ, ತಿಳಿಸು’; ‘ನೂರಹತ್ತನೆಯ ಗೂಡಿನಲ್ಲಿ ಇದನ್ನಿಡು’. ಮೊದಲನೆಯದು ಓದುವುದು, ಎರಡನೆಯದು ಬರೆಯುವುದು. ನಿಯಂತ್ರಕವು ಕೆಲವೇ ಮಿಲಿಸೆಕೆಂಡಿಗೊಮ್ಮೆ ತನ್ನ ಗೂಡುಗಳನ್ನು ತಾನೇ ನೋಡಿಕೊಂಡು, ಅಲ್ಲಿದ್ದಂತೆ ಮೋಟಾರನ್ನು ನಡೆಸುತ್ತದೆ. ಹುಡುಗನ ಉದ್ಯೋಗವೆಂದರೆ ಇಷ್ಟೆ.

ಇಷ್ಟೆ ಎಂದೆವು, ಆದರೆ ಈ ಬರವಣಿಗೆಗೂ ನಮ್ಮ ಬರವಣಿಗೆಗೂ ಒಂದು ಅಂತರವಿದೆ. ನಮ್ಮ ಮಕ್ಕಳು ಹೊಸಗನ್ನಡದಲ್ಲಿ ತಪ್ಪು ಬರೆದರೆ ನಾವು ಕೆಂಪು ಶಾಯಿಯ ಗೀಟೆಳೆಯುತ್ತೇವೆ, ಯಾರಿಗೂ ಪೆಟ್ಟಾಗುವುದಿಲ್ಲ. ಅಲ್ಲಿ ತಪ್ಪಾದ ಗೂಡಿನಲ್ಲಿ ಒಂದು ಸಂಖ್ಯೆ ಬಿದ್ದರೆ ಕಬ್ಬಿಣದ ತೋಳು ಚಲಿಸುತ್ತದೆ.

ಹುಡುಗ ತನ್ನದೇ ಒಂದು ತಪ್ಪನ್ನು ಮುಚ್ಚಿಡದೆ ಹೇಳಿದನು. ಗೂಡುಗಳ ಜೊತೆ ಹೀಗೆ ಸಂಭಾಷಿಸಲು ಮಾಡ್‌ಬಸ್ ಎಂಬ ಒಂದು ಕಟ್ಟಳೆಯಿದೆ. ಮೋಡಿಕಾನ್ ಎಂಬ ಅಮೆರಿಕದ ಕಂಪೆನಿ ೧೯೭೯ರಲ್ಲಿ ಅದನ್ನು ಪ್ರಕಟಿಸಿತು, ಇಂದಿಗೂ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಅದರ ಕೈಪಿಡಿಗಳಲ್ಲಿ ಮೊದಲ ಗೂಡನ್ನು ೪೦೦೦೧ ಎಂದು ಬರೆಯುತ್ತಾರೆ. ಮೊದಲಿನ ನಾಲ್ಕು ಗೂಡಿನ ಜಾತಿಯನ್ನು ಹೇಳುವ ಅಂಕಿ, ಉಳಿದದ್ದು ಕ್ರಮಸಂಖ್ಯೆ. ಆದರೆ ತಂತಿಯ ಮೇಲೆ ಅದೇ ಗೂಡಿಗೆ ಹೋಗುವ ಸಂಖ್ಯೆ ೦. ಮನುಷ್ಯ ಒಂದರಿಂದ ಎಣಿಸುತ್ತಾನೆ, ಯಂತ್ರ ಶೂನ್ಯದಿಂದ ಎಣಿಸುತ್ತದೆ. ಇದೇನು ವಿಚಿತ್ರವೆಂದು ನಾವು ಮೊದಲು ಬೆರಗಾದೆವು. ಬಳಿಕ ಮಕ್ಕಳ ಅಳತೆಪಟ್ಟಿ ನೆನಪಾಯಿತು. ಅದೂ ಸೊನ್ನೆಯಿಂದಲೇ ಆರಂಭವಾಗುತ್ತದೆ, ಏಕೆಂದರೆ ಅದು ಹೇಳುವುದು ‘ಎಷ್ಟನೆಯದು’ ಎಂದಲ್ಲ, ‘ಮೊದಲಿನಿಂದ ಎಷ್ಟು ದೂರ’ ಎಂದು. ಯಂತ್ರದ ವಿಳಾಸವೂ ದೂರವೇ. ಮೊದಲ ಗೂಡು ಮೊದಲಿನಿಂದ ಸೊನ್ನೆ ದೂರದಲ್ಲಿದೆ. ಇದನ್ನು ಮರೆತ ಹುಡುಗ ವೇಗದ ಗೂಡಿನಲ್ಲಿ ೨೦೦ ಎಂದು ಬರೆಯಲು ಹೋಗಿ, ಅದರ ಪಕ್ಕದ ಸ್ಥಾನದ ಗೂಡಿನಲ್ಲಿ ೨೦೦ ಎಂದು ಬರೆದನು. ಮೆಲ್ಲಗೆ ಸರಿಯಬೇಕಾಗಿದ್ದ ತೋಳು ಇನ್ನೂರು ಮಿಲಿಮೀಟರ್ ಹಾರಿ ಕಾವಲಿನ ಜಾಲರಿಯನ್ನು ಬಗ್ಗಿಸಿತು. ಜಾಲರಿಯ ಒಳಗೆ ಯಾರ ಕೈಯೂ ಇರಲಿಲ್ಲ. “ಇದ್ದಿದ್ದರೆ?” ಎಂದು ತಾಯಿ ಕೇಳಿದರು. ಹುಡುಗ ತಲೆ ತಗ್ಗಿಸಿದನು.

ಗೂಡಿನ ಅಗಲದ ಮಾತೂ ಇದೆ. ಸಾಮಾನ್ಯವಾದ ಒಂದು ಗೂಡಿನಲ್ಲಿ ಹದಿನಾರು ತೂತುಗಳಿಗೆ ಸ್ಥಳ. ಆ ಹದಿನಾರನ್ನು ಹೇಗೆಹೇಗೆ ಜೋಡಿಸಿದರೂ ಸೊನ್ನೆಯಿಂದ ೬೫,೫೩೫ರವರೆಗೆ ಮಾತ್ರ ಬರೆಯಬಹುದು. ನಮ್ಮ ಊರಿನ ಲೆಕ್ಕದಿಂದಲೇ ನೋಡೋಣ. ಗದ್ವಾಲದ ಬಳಿಯ ಪ್ರಿಯದರ್ಶಿನಿ ಜೂರಾಲ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟಕ್ಕಿಂತ ೩೧೮.೫೧೬ ಮೀಟರ್ ಮೇಲೆ. ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಓದುವ ಅಂಕಿ. ಮಿಲಿಮೀಟರಿನಲ್ಲಿ ಅದು ೩,೧೮,೫೧೬. ಒಂದು ಗೂಡಿನಲ್ಲಿ ಹಿಡಿಸದು. ಆದ್ದರಿಂದ ಎರಡು ಗೂಡು ಬೇಕು: ಒಂದರಲ್ಲಿ ‘೬೫,೫೩೬ರ ಎಷ್ಟು ಮಡಿ’ ಎಂಬುದು, ಇನ್ನೊಂದರಲ್ಲಿ ಉಳಿಕೆ. ನಾಲ್ಕು ಮಡಿಯೆಂದರೆ ೨,೬೨,೧೪೪, ಉಳಿದದ್ದು ೫೬,೩೭೨. ಹೀಗೆ ಹಿರಿಯ ಗೂಡಿನಲ್ಲಿ ೪, ಕಿರಿಯ ಗೂಡಿನಲ್ಲಿ ೫೬,೩೭೨. ಇನ್ನು ಯಾವುದು ಮೊದಲು, ಯಾವುದು ಬಳಿಕ? ಒಬ್ಬ ತಯಾರಕ ಹಿರಿಯನನ್ನು ಮುಂದೆ ಕೂರಿಸುತ್ತಾನೆ, ಇನ್ನೊಬ್ಬ ಕಿರಿಯನನ್ನು. ಕೈಪಿಡಿ ನೋಡದೆ ಹಿಂದುಮುಂದಾಗಿ ಓದಿದರೆ ಜಲಾಶಯದ ನೀರು ಸಮುದ್ರಮಟ್ಟಕ್ಕಿಂತ ೩,೬೯೪ ಕಿಲೋಮೀಟರ್ ಎತ್ತರದಲ್ಲಿ ನಿಂತಿದೆಯೆಂದು ಪ್ರೋಗ್ರಾಂ ಗಂಭೀರವಾಗಿ ವರದಿಮಾಡುತ್ತದೆ. ಇದನ್ನು ಕೇಳಿ ಸಭೆಯಲ್ಲಿ ತಾವು ನಗುತ್ತೀರಿ, ಒಳ್ಳೆಯದು. ಇಂಥ ತಪ್ಪು ನಗೆ ಬರಿಸುವಷ್ಟು ದೊಡ್ಡದಾದ್ದರಿಂದ ಬೇಗ ಸಿಕ್ಕಿಬೀಳುತ್ತದೆ. ಹಿರಿಯ ಗೂಡನ್ನು ಮರೆತು ಕಿರಿಯದನ್ನಷ್ಟೇ ಓದಿದರೆ ಐವತ್ತಾರು ಮೀಟರ್ ಚಿಲ್ಲರೆ ಎಂದು ಬರುತ್ತದೆ. ಸ್ಥಳವನ್ನರಿಯದವನಿಗೆ ಅದು ನಂಬತಕ್ಕ ಅಂಕಿಯಂತೆಯೇ ಕಾಣುತ್ತದೆ. ನಮಗೆ ಹೆಚ್ಚು ಭಯವಾದದ್ದು ಅದು.

ಇನ್ನೂ ಸೂಕ್ಷ್ಮವಾದದ್ದೊಂದುಂಟು. ಎರಡು ಗೂಡುಗಳನ್ನು ಎರಡು ಸಲ ಕೇಳಿ ಓದುವ ನಡುವೆ ಯಂತ್ರ ಚಲಿಸಿಬಿಡಬಹುದು. ಸ್ಥಾನ ೬೫,೫೩೫ ಇದ್ದಾಗ ಹಿರಿಯದರಲ್ಲಿ ೦, ಕಿರಿಯದರಲ್ಲಿ ೬೫,೫೩೫. ನಾವು ಕಿರಿಯದನ್ನು ಓದಿಕೊಂಡೆವು. ಅಷ್ಟರಲ್ಲಿ ಯಂತ್ರ ಒಂದೇ ಒಂದು ಹೆಜ್ಜೆ ಮುಂದಿಟ್ಟಿತು. ಈಗ ಹಿರಿಯದರಲ್ಲಿ ೧, ಕಿರಿಯದರಲ್ಲಿ ೦. ನಾವು ಹಿರಿಯದನ್ನು ಓದಿ ಕೂಡಿಸಿದೆವು: ೧,೩೧,೦೭೧. ಯಂತ್ರ ಎಂದೂ ನಿಲ್ಲದ ಸ್ಥಾನ ಅದು! ಅರ್ಧ ಹಳೆಯದು, ಅರ್ಧ ಹೊಸದು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿ ಓದಬೇಕೆಂಬುದು ಅದಕ್ಕೆ ಪರಿಹಾರ. ಆಗಲೂ ನಿಯಂತ್ರಕವು ಎರಡನ್ನೂ ಒಂದೇ ಕ್ಷಣದ್ದಾಗಿ ಕೊಡುವುದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಅಲ್ಲದೆ, ಹದಿನಾರು ತೂತುಗಳನ್ನು ಋಣಸಂಖ್ಯೆಗೂ ಬಳಸುವ ರೂಢಿಯಿರುವುದರಿಂದ, ಸೊನ್ನೆಗಿಂತ ಒಂದು ಕೂದಲೆಳೆ ಕೆಳಗಿಳಿದ ಬಾಗಿಲು ‘−೧’ ಎನ್ನುವುದರ ಬದಲು ೬೫,೫೩೫ ಎಂದು ತೋರಿಸಬಹುದು. ಓದುವವನಿಗೆ ಅಕ್ಷರ ಗೊತ್ತಿದ್ದರೆ ಸಾಲದು, ಛಂದಸ್ಸೂ ಗೊತ್ತಿರಬೇಕು.

ಇವು ಮೇಷ್ಟರ ಕೂದಲು ಸೀಳುವ ಮಾತುಗಳೆಂದು ಯಾರೂ ಭಾವಿಸಬಾರದು. ೧೯೯೬ನೆಯ ಇಸವಿ ಜೂನ್ ೪ರಂದು ಫ್ರೆಂಚ್ ಗಯಾನಾದ ಕುರು ಎಂಬಲ್ಲಿಂದ ಹಾರಿಬಿಟ್ಟ ಆರಿಯಾನ್-೫ ರಾಕೆಟ್ಟು ನಲವತ್ತು ಸೆಕೆಂಡಿನೊಳಗೆ ಆಕಾಶದಲ್ಲಿ ಚೂರುಚೂರಾಯಿತು. ಅದರ ಹಿಂದಿನ ಮಾದರಿಯಿಂದ ಎತ್ತಿಟ್ಟ ಪ್ರೋಗ್ರಾಮಿನಲ್ಲಿ ಅರುವತ್ತನಾಲ್ಕು ತೂತುಗಳ ಒಂದು ದೊಡ್ಡ ಸಂಖ್ಯೆಯನ್ನು ಹದಿನಾರು ತೂತುಗಳ ಗೂಡಿಗೆ ತುರುಕಲು ಹೋದದ್ದೇ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಯಿತು. ಹಳೆಯ ರಾಕೆಟ್ಟಿನ ನಡಿಗೆಗೆ ಸಾಕಾಗಿದ್ದ ಗೂಡು ಹೊಸದರ ಓಟಕ್ಕೆ ಸಾಲಲಿಲ್ಲ.

ಮೂರನೆಯ ಸಂಜೆ ಇಷ್ಟೆಲ್ಲವನ್ನೂ ಕೇಳಿಸಿಕೊಂಡು, ಕಂಡಿಕೆ ಸುತ್ತುತ್ತಿದ್ದ ಆ ತಾಯಿ ಒಂದು ಪ್ರಶ್ನೆ ಹಾಕಿದರು. ಈ ಭಾಷಣಕ್ಕೆ ಹೃದಯವೆಂಬುದೊಂದಿದ್ದರೆ ಅದು ಈ ಪ್ರಶ್ನೆಯೇ. “ರಟ್ಟಿನಲ್ಲಿ ತೂತಿದೆ, ಎಳೆ ಏಳಬೇಕು. ಆದರೆ ಎಳೆ ಹರಿದಿದ್ದರೆ? ರಟ್ಟಿಗೆ ಅದು ಗೊತ್ತಾಗುತ್ತದೆಯೆ?”

ರಟ್ಟಿಗೆ ಗೊತ್ತಾಗುವುದಿಲ್ಲ. ರಟ್ಟು ‘ಏಳು’ ಎನ್ನುತ್ತದೆ. ಎದ್ದಿತೋ ಇಲ್ಲವೋ ನೋಡುವುದು ನೇಕಾರನ ಕಣ್ಣು, ಹರಿದ ಎಳೆಯನ್ನು ಹುಡುಕಿ ಹೊಸೆಯುವುದು ನೇಕಾರನ ಬೆರಳು. ಹುಡುಗ ಇದನ್ನು ಕೇಳಿ ಸ್ವಲ್ಪ ಹೊತ್ತು ಮೌನವಾಗಿದ್ದನು. ಬಳಿಕ ವಿವರಿಸಿದನು. ನಿಯಂತ್ರಕದಲ್ಲಿ ಸ್ಥಾನಕ್ಕೆ ಒಂದಲ್ಲ, ಎರಡು ಗೂಡುಗಳಿರುತ್ತವೆ. ‘ಇಲ್ಲಿಗೆ ಹೋಗು’ ಎಂದು ನಾವು ಬರೆದದ್ದು ಒಂದರಲ್ಲಿ. ಮೋಟಾರಿನ ಅಕ್ಷಕ್ಕೆ ಕಟ್ಟಿದ ಎನ್‌ಕೋಡರ್ ಎಂಬ ಸೂಚಕ ಎಣಿಸಿ ಹೇಳುವ ‘ಈಗ ಇಲ್ಲಿದ್ದೇನೆ’ ಎಂಬುದು ಇನ್ನೊಂದರಲ್ಲಿ. ಅವಸರದ ಪ್ರೋಗ್ರಾಮಿನವನು ಮೊದಲ ಗೂಡಿನಲ್ಲಿ ೫೦೦ ಎಂದು ಬರೆದು, ಮತ್ತೆ ಅದೇ ಗೂಡನ್ನು ಓದಿ, ‘೫೦೦ ಇದೆ, ಯಂತ್ರ ತಲುಪಿತು’ ಎಂದು ತೃಪ್ತನಾಗುತ್ತಾನೆ. ಆತ ಓದಿದ್ದು ಯಂತ್ರವನ್ನಲ್ಲ, ತನ್ನದೇ ಕೈಬರಹವನ್ನು. ಯಂತ್ರ ೩೨೦ರಲ್ಲಿ ಸಿಕ್ಕಿಕೊಂಡು ಏದುಸಿರು ಬಿಡುತ್ತಿರಬಹುದು.

ಆ ತಾಯಿ ಆ ಎರಡು ಗೂಡುಗಳಿಗೆ ಅಲ್ಲಿಯೇ ಹೆಸರಿಟ್ಟರು: ‘ಹೇಳಿದ್ದು’ ಮತ್ತು ‘ಆದದ್ದು’. ನಾವು ‘ಆದಿಷ್ಟ ಸ್ಥಾನ’, ‘ವಾಸ್ತವ ಸ್ಥಾನ’ ಎಂದು ಸಂಸ್ಕೃತದ ಪದಗಳನ್ನು ಜೇಬಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆವು. ಅವನ್ನು ಹೊರಗೆ ತೆಗೆಯಲಿಲ್ಲ. ಪರಿಭಾಷೆ ಕಟ್ಟುವವರು ಮೊದಲು ಮಗ್ಗದ ಮನೆಗೆ ಹೋಗಿ ಬರುವುದು ಒಳ್ಳೆಯದೆಂದು ನಮಗೆ ಅನ್ನಿಸಿದೆ.

‘ಹೇಳಿದ್ದು’ ಮತ್ತು ‘ಆದದ್ದು’ ಬೇರೆಯಾದಾಗ ಯಾರಿಗೆ ನಷ್ಟವೆಂಬುದನ್ನು ನಮ್ಮ ನೆರೆಯಲ್ಲೇ ಕಾಣಬಹುದು. ಭೀಮೆ ಕೂಡುವ ಸಂಗಮವನ್ನು ದಾಟಿ ಕೃಷ್ಣೆ ನಮ್ಮ ಕಡೆಗೆ ಬರುವ ಮೊದಲು, ಮೇಲೆ ನಾರಾಯಣಪುರದ ಬಸವಸಾಗರದಲ್ಲಿ ನಿಂತು ಬರುತ್ತಾಳೆ. ಅಲ್ಲಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆ ಹತ್ತು ಸಾವಿರ ಕ್ಯೂಸೆಕ್ ನೀರನ್ನು ಒಯ್ಯಬಲ್ಲದು. ಅದರ ಆಶ್ರಯದ ಭೂಮಿ ಸುಮಾರು ನಾಲ್ಕೂವರೆ ಲಕ್ಷ ಹೆಕ್ಟೇರ್. ಹಳೆಯದಾಗಿದ್ದ ಈ ಕಾಲುವೆಯನ್ನು ನವೀಕರಿಸಿ, ತೂಬಿನ ಬಾಗಿಲುಗಳನ್ನು ದೂರದಿಂದಲೇ ಗಣಕದ ಮೂಲಕ ನೋಡುವ ಮತ್ತು ನಡೆಸುವ ಸ್ಕಾಡಾ ಎಂಬ ವ್ಯವಸ್ಥೆಯನ್ನು ಅಳವಡಿಸಿದರು. ೨೦೨೩ನೆಯ ಇಸವಿ ಜನವರಿ ೧೯ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಅದನ್ನು ಉದ್ಘಾಟಿಸಿದ್ದನ್ನು ತಾವು ಪತ್ರಿಕೆಗಳಲ್ಲಿ ನೋಡಿರಬಹುದು. ಇಂಥ ವ್ಯವಸ್ಥೆಯಲ್ಲಿ ನಡೆಯುವುದು ನಾವು ಈವರೆಗೆ ಹೇಳಿದ್ದೇ: ಬಾಗಿಲಿನ ಬಳಿಯ ನಿಯಂತ್ರಕದ ಒಂದು ಗೂಡಿನಲ್ಲಿ ಎಷ್ಟು ಎತ್ತಬೇಕೆಂದು ಬರೆಯುವುದು, ಇನ್ನೊಂದರಲ್ಲಿ ಎಷ್ಟು ಎದ್ದಿದೆಯೆಂದು ಓದುವುದು.

ಈಗ ಯಾವುದೇ ಒಂದು ಕಾಲುವೆಯನ್ನು ಊಹಿಸಿಕೊಳ್ಳಿ. ಕಚೇರಿಯಿಂದ ‘ಅರುವತ್ತು ಸೆಂಟಿಮೀಟರ್’ ಎಂದು ಬರೆದರು. ತೇಲಿಬಂದ ಜಾಲಿಯ ಕೊರಡೊಂದು ಬಾಗಿಲಿಗೆ ಸಿಕ್ಕಿಕೊಂಡು, ಅದು ಇಪ್ಪತ್ತಕ್ಕೇ ನಿಂತಿತು. ಪರದೆಯ ಮೇಲೆ ‘ಹೇಳಿದ್ದನ್ನು’ ತೋರಿಸಿದರೆ ಕಚೇರಿಯಲ್ಲಿ ಎಲ್ಲವೂ ಸುಭಿಕ್ಷ. ಕಾಲುವೆಯ ಕೊನೆಯ ರೈತನ ಗದ್ದೆ ಮಾತ್ರ ಬಿರಿಯುತ್ತದೆ. ಆತ ದೂರಿತ್ತರೆ, ‘ನಿನಗೆ ನೀರು ಬಿಟ್ಟಾಗಿದೆ, ಇಲ್ಲಿ ದಾಖಲೆಯಿದೆ’ ಎಂದು ಉತ್ತರ ಸಿಗುತ್ತದೆ. ಗಡಿಯಲ್ಲಿರುವ ನಾವೂ ಒಂದು ಬಗೆಯಲ್ಲಿ ಕಾಲುವೆಯ ಕೊನೆಯವರೇ. ಕಾಗದದ ಮೇಲೆ ಹೇಳಿದ್ದು ನಮ್ಮವರೆಗೆ ಬರುವಾಗ ಎಷ್ಟು ಆಗಿರುತ್ತದೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ‘ಆದದ್ದನ್ನು’ ಓದಿ, ಅದು ಹೇಳಿದ್ದಕ್ಕೆ ಇಷ್ಟು ಹೊತ್ತಿನಲ್ಲಿ ಸರಿಹೊಂದದಿದ್ದರೆ ಗಂಟೆ ಬಾರಿಸಬೇಕೆಂದು ಪ್ರೋಗ್ರಾಮಿನಲ್ಲಿ ಎರಡು ಸಾಲು ಸೇರಿಸುವುದು ಅಷ್ಟೇನೂ ಕಷ್ಟವಲ್ಲವಂತೆ. ಕಷ್ಟವಿರುವುದು ಅದನ್ನು ಸೇರಿಸಬೇಕೆಂದು ತೋಚುವುದರಲ್ಲಿ.

ಓದಿದ್ದೂ ಸುಳ್ಳಾಗಬಹುದೆ? ಆಗಬಹುದು. ೨೦೧೦ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ಪ್ರೋಗ್ರಾಂ ಇರಾನಿನ ನತಾನ್ಜ್ ಎಂಬಲ್ಲಿಯ ಅಣುಸ್ಥಾವರದ ನಿಯಂತ್ರಕಗಳೊಳಗೆ ಹೊಕ್ಕು, ತಿರುಗುವ ಯಂತ್ರಗಳ ವೇಗದ ಅಂಕಿಗಳನ್ನು ಕದ್ದು ಬದಲಾಯಿಸುತ್ತಿತ್ತು. ಅದೇ ಕಾಲದಲ್ಲಿ ಕಾವಲಿನವರ ಪರದೆಗೆ ಹಿಂದೆ ಎಲ್ಲವೂ ಸರಿಯಿದ್ದಾಗ ಹಿಡಿದಿಟ್ಟ ಅಂಕಿಗಳನ್ನು ಒದಗಿಸುತ್ತಿತ್ತು. ಬರೆಯುವವನೂ ಅದೇ, ಓದಿ ಹೇಳುವವನೂ ಅದೇ. ಆದುದರಿಂದಲೇ ಅಪಾಯದಲ್ಲಿ ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿಯನ್ನು ಪ್ರೋಗ್ರಾಮಿನ ಕರುಣೆಗೆ ಬಿಡದೆ, ತನ್ನದೇ ಪ್ರತ್ಯೇಕ ತಂತಿಯಿಂದ ಮೋಟಾರಿನ ಶಕ್ತಿಗೆ ಕಟ್ಟುತ್ತಾರೆ.

ಒಂದು ಸಣ್ಣ ಎಚ್ಚರಿಕೆಯನ್ನು ಹೇಳಿಬಿಡುತ್ತೇವೆ, ಸಭೆಯಲ್ಲಿ ಡಿಪ್ಲೊಮಾ ಓದುವ ಮಕ್ಕಳು ಕೆಲವರಿದ್ದಾರೆ. ನಿಯಂತ್ರಕದ ಗೂಡುಗಳಲ್ಲಿ ಕೆಲವು ಪಾಟಿಯಂತೆ, ವಿದ್ಯುತ್ತು ಹೋದರೆ ಒರೆಸಿಹೋಗುತ್ತವೆ. ಎಷ್ಟು ಸಲ ಬರೆದರೂ ಬಾಧೆಯಿಲ್ಲ. ಕೆಲವು ತಾಮ್ರಪಟದಂತೆ, ವಿದ್ಯುತ್ತು ಹೋದರೂ ಉಳಿಯುತ್ತವೆ. ಆದರೆ ಅವುಗಳಲ್ಲಿ ಅನೇಕ ಬಗೆಯವು ಸುಮಾರು ಒಂದು ಲಕ್ಷ ಸಲ ಬರೆಯುವಷ್ಟರಲ್ಲಿ ಸವೆಯುತ್ತವೆ. ಲಕ್ಷವೆಂದರೆ ಬಹಳವೆಂದು ತೋರುವುದಲ್ಲವೆ? ಸೆಕೆಂಡಿಗೊಮ್ಮೆ ಬರೆಯುವ ಪ್ರೋಗ್ರಾಮಿಗೆ ಅದು ಇಪ್ಪತ್ತೆಂಟು ಗಂಟೆಯ ಕೆಲಸವೂ ಅಲ್ಲ. ಸೋಮವಾರ ಬೆಳಿಗ್ಗೆ ಹೂಡಿದ ಯಂತ್ರ ಮಂಗಳವಾರ ಮಧ್ಯಾಹ್ನಕ್ಕೆ ಮರೆವಿನ ರೋಗಿಯಾಗಬಹುದು. ಯಾವ ಗೂಡು ಪಾಟಿ, ಯಾವುದು ತಾಮ್ರಪಟ ಎಂದು ಕೈಪಿಡಿಯಲ್ಲಿ ನೋಡದೆ ಬರೆಯತಕ್ಕದ್ದಲ್ಲ. ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಓದುವಷ್ಟು ಇಂಗ್ಲಿಷನ್ನು ನಮ್ಮ ಮಕ್ಕಳು ಕಲಿಯಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಓದಿದ್ದನ್ನು ಕುರಿತು ಯೋಚಿಸುವುದು ಮಾತ್ರ ಯಾವ ಭಾಷೆಯಲ್ಲಿ ತಾಯಿ ಪ್ರಶ್ನೆ ಕೇಳುತ್ತಾಳೋ ಆ ಭಾಷೆಯಲ್ಲಿ ಸುಲಭ.

ನಾಲ್ಕನೆಯ ಸಂಜೆ ಹುಡುಗ ತನ್ನ ಮಡಿಲಗಣಕವನ್ನು ತೆರೆದು ನಮಗೊಂದು ವಿಶೇಷವನ್ನು ತೋರಿಸಿದನು. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಮೂರನೆಯ ಆವೃತ್ತಿಯಲ್ಲಿ, ಅಂದರೆ ೨೦೦೮ರಿಂದೀಚೆಗೆ, ಚರಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದಂತೆ. ನಾವು ನಂಬಲಿಲ್ಲ. ಆತ ನಮ್ಮ ಎದುರಿಗೇ ಬೆರಳಚ್ಚು ಮಾಡಿದನು. ಒಂದು ಸಾಲಿನಲ್ಲಿ ‘ಹೇಳಿದ್ದು’, ಇನ್ನೊಂದರಲ್ಲಿ ‘ಆದದ್ದು’. ಮೂರನೆಯದರಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ‘ಅಂತರ’. ಯಂತ್ರ ತಕರಾರು ಮಾಡದೆ ಲೆಕ್ಕ ಹಾಕಿತು. ನಿಜವಾದ ನಿಯಂತ್ರಕ ಆ ಮನೆಯಲ್ಲಿರಲಿಲ್ಲ. ಆತ ಗೂಡುಗಳನ್ನು ಗಣಕದೊಳಗೇ ಕಲ್ಪಿಸಿಕೊಂಡಿದ್ದನು. ತಾಯಿಗೆ ಅಕ್ಷರ ಗೊತ್ತು. ಪರದೆಯ ಹತ್ತಿರ ಬಾಗಿ, ಎರಡು ಹೆಸರುಗಳನ್ನೂ ಬೆರಳಿಟ್ಟು ಓದಿದರು. “ಅಂತರ ಸೊನ್ನೆಯಾಗುವವರೆಗೆ ಎದ್ದು ಹೋಗಬೇಡ” ಎಂದು ಮಗನಿಗೆ ಹೇಳಿ, ಒಲೆಯ ಮೇಲಿನ ಹಾಲು ಉಕ್ಕುತ್ತಿದೆಯೆಂದು ಒಳಗೆ ಹೋದರು.

ಅವರ ಮಗ್ಗದಿಂದ ಎಂಟು ಹಳೆಯ ರಟ್ಟುಗಳನ್ನು ಕೇಳಿ ತಂದಿದ್ದೇವೆ. ವೇದಿಕೆಯ ಎಡಗಡೆಯ ಮೇಜಿನ ಮೇಲಿವೆ. ಸಭೆ ಮುಗಿದ ಬಳಿಕ ಮಕ್ಕಳು ಬಂದು ಬೆಳಕಿಗೆ ಹಿಡಿದು ನೋಡಬಹುದು. ಐದನೆಯ ರಟ್ಟಿನಲ್ಲಿ ಒಂದು ತೂತಿಗೆ ಯಾರೋ ಕಾಗದದ ಚೂರು ಅಂಟಿಸಿ ಮುಚ್ಚಿದ್ದಾರೆ. ಅದು ಎಷ್ಟನೆಯ ಮನೆಯೆಂದು ಎಣಿಸಿ ನಮಗೆ ಹೇಳಬೇಕು. ಒಂದರಿಂದ ಎಣಿಸಿದಿರೋ ಸೊನ್ನೆಯಿಂದಲೋ ಎಂಬುದನ್ನೂ ಹೇಳಬೇಕು.